ಬೆಂಕಿಪುರದ ಉಕ್ಕು, ವಿಶ್ವೇಶ್ವರಯ್ಯನವರ ಲೆಕ್ಕ

ಭದ್ರಾ ನದಿಯ ದಂಡೆಯ ಮೇಲಿರುವ ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೆಸರು ಬದಲಾದ ಊರಿನಲ್ಲೇ ನಿಜವಾದ ಬೆಂಕಿ ಹೊತ್ತಿಕೊಂಡಿತು. 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಕಲ್ಪನೆಗೆ ಬಲ ಕೊಟ್ಟವರೂ, ಅದು ಮುಳುಗುವ ಹೊತ್ತಿನಲ್ಲಿ ಕೈಹಿಡಿದು ಮೇಲೆತ್ತಿದವರೂ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಬಾಳಿನ ಕಥೆಯಲ್ಲಿ ಕನ್ನಂಬಾಡಿ ಕಟ್ಟೆಯನ್ನೂ ಎರಡು ಮೋಂಬತ್ತಿಗಳ ಪ್ರಸಂಗವನ್ನೂ ಬಲ್ಲದ ಕನ್ನಡಿಗರಿಲ್ಲ. ಅವನ್ನು ಇಲ್ಲಿ ಮತ್ತೆ ವಿವರಿಸಬೇಕಾದುದಿಲ್ಲ. ನೀರಿನಿಂದ ಆರಂಭವಾಗಿ ಬೆಂಕಿಯವರೆಗೆ ಬಂದ ಅವರ ಕಾರ್ಯಜೀವನದಲ್ಲಿ, ದುಡಿಯುವವನ ಉಸಿರಿಗೆ ದೊರೆತ ಸ್ಥಾನವೇನು ಎಂಬುದಷ್ಟೇ ಈ ಲೇಖನದ ವಿಚಾರ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮನೆಯಲ್ಲಿ ವಿದ್ಯೆಯಿತ್ತು, ಧನವಿರಲಿಲ್ಲ. ತಂದೆ ಬೇಗನೆ ತೀರಿಕೊಂಡರು. ಬಾಲಕನು ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಊಟದ ದಾರಿ ಮಾಡಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದನು. ಆ ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ. ಅಲ್ಲಿ ಮೊದಲ ಸ್ಥಾನ ಗಳಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು.

ಆ ವರ್ಷವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಜರ್ಮನಿಯ ರಾಬರ್ಟ್ ಕೋಖರು ಕಲ್ಕತ್ತೆಯಲ್ಲಿ ಕುಳಿತು, ಕೆರೆಯ ನೀರಿನಲ್ಲಿ ಕಾಲರಾ ರೋಗದ ಅಣುಜೀವಿಯನ್ನು ಕಂಡುಹಿಡಿದ ಕಾಲವೂ ಅದೇ. ಕಣ್ಣಿಗೆ ಕಾಣದ ವಸ್ತುವೊಂದು ನೀರಿನಲ್ಲಿ ಸೇರಿ ಊರಿಗೆ ಊರನ್ನೇ ಕೊಲ್ಲಬಲ್ಲದೆಂಬ ತಿಳಿವು ಹೊಸದಾಗಿ ಲೋಕಕ್ಕೆ ಬಂದಿತ್ತು. ಆ ತಿಳಿವನ್ನು ಕೊಳವೆ, ಬಾವಿ, ಚರಂಡಿಗಳ ರೂಪದಲ್ಲಿ ನೆಲಕ್ಕಿಳಿಸುವ ಕೆಲಸ ಎಂಜಿನಿಯರುಗಳ ಪಾಲಿಗೆ ಬಂತು. ತರುಣ ವಿಶ್ವೇಶ್ವರಯ್ಯನವರ ಹೆಸರು ಮೊದಲು ಕೇಳಿಸಿದ್ದು ಈ ಕೆಲಸದಲ್ಲಿಯೇ. ಸಿಂಧ್ ಪ್ರಾಂತದ ಸುಕ್ಕೂರು ಪಟ್ಟಣಕ್ಕೆ ನೀರು ಒದಗಿಸುವ ಭಾರ 1890ರ ದಶಕದಲ್ಲಿ ಅವರ ಮೇಲೆ ಬಿತ್ತು. ಸಿಂಧೂ ನದಿಯ ನೀರು ಕೆಸರು. ಶೋಧಿಸುವ ಕಟ್ಟಡಗಳನ್ನು ಕಟ್ಟಲು ಪುರಸಭೆಯ ಬೊಕ್ಕಸದಲ್ಲಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ನದಿಯ ಮರಳಿನ ಮೂಲಕವೇ ಒಸರಿ ಬಂದ ತಿಳಿನೀರನ್ನು ಸುರಂಗದಿಂದ ದಡಕ್ಕೆ ತಂದು ಮೇಲೆತ್ತಿಸಿದರು. ಮರಳೇ ವೈದ್ಯನಾಯಿತು. ಇದಕ್ಕಿಂತ ಅಗ್ಗದ, ಇದಕ್ಕಿಂತ ಜಾಣತನದ ಉಪಾಯ ಯಾರಿಗೆ ತಾನೆ ಹೊಳೆದೀತು!

ಮುಂದೆ ಅದೇ ಜಾಣ್ಮೆಯನ್ನು ಬೇಡಿ ಬೇರೆ ಬೇರೆ ಊರುಗಳು ಅವರನ್ನು ಕರೆದವು. 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಚರಂಡಿಗಳ ಬಗೆಗೆ ಸಲಹೆ ಕೊಡಲು ಹೋದರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಕೊಚ್ಚಿದಾಗ, ಆ ನಗರದ ರಕ್ಷಣೆಗೂ ಒಳಚರಂಡಿಗೂ ಯೋಜನೆ ರೂಪಿಸಿದರು. ಖಡಕ್‌ವಾಸ್ಲದ ತಾನೇ ತೆರೆದುಕೊಳ್ಳುವ ತೂಬುಗಳು, ನೀರಾವರಿಯ ಬ್ಲಾಕ್ ಪದ್ಧತಿ—ಇವೆಲ್ಲ ಆ ವರ್ಷಗಳ ಫಲ. ಇವುಗಳಲ್ಲೆಲ್ಲ ಅವರ ಪದ್ಧತಿ ಒಂದೇ: ಮೊದಲು ಸ್ಥಳಕ್ಕೆ ಹೋಗುವುದು, ಅಳೆಯುವುದು, ಅಂಕಿಗಳನ್ನು ಬರೆದಿಡುವುದು, ಆಮೇಲೆ ಮಾತು. ಅಂಕಿಯಿಲ್ಲದ ಅಭಿಪ್ರಾಯಕ್ಕೆ ಅವರ ಮುಂದೆ ಬೆಲೆಯಿರಲಿಲ್ಲ.

1898ರಲ್ಲಿ ಅವರು ಜಪಾನಿಗೆ ಹೋಗಿ ಬಂದರು. ಅಲ್ಲಿ ಕಂಡ ಶಾಲೆ, ಕಾರ್ಖಾನೆಗಳು ಅವರ ಮನಸ್ಸಿನಿಂದ ಕೊನೆಯವರೆಗೂ ಮಾಸಲಿಲ್ಲ. ಬೇಸಾಯವೊಂದನ್ನೇ ನಂಬಿ ಕುಳಿತ ನಾಡು ಬಡತನದಿಂದ ಪಾರಾಗಲಾರದು, ಯಂತ್ರೋದ್ಯಮವೇ ದಾರಿ ಎಂಬ ನಂಬಿಕೆ ಅಲ್ಲಿಂದ ಮುಂದೆ ಅವರಲ್ಲಿ ಗಟ್ಟಿಯಾಯಿತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಲ್ಲಿ ದಿವಾನರಾಗಿ ಬಂದಾಗ ಅವರು ತಮ್ಮೊಡನೆ ತಂದದ್ದು ಈ ನಂಬಿಕೆಯನ್ನು. ದಿವಾನಗಿರಿಯ ಆರು ವರ್ಷಗಳಲ್ಲಿ ಬ್ಯಾಂಕು, ವಿಶ್ವವಿದ್ಯಾನಿಲಯ, ಎಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ತಲೆಯೆತ್ತಿದವು. ಕನ್ನಡದ ಪಾಠ ಹೇಳುವ ನಮ್ಮಂಥವರು ಮರೆಯಲಾಗದ ಕನ್ನಡ ಸಾಹಿತ್ಯ ಪರಿಷತ್ತೂ 1915ರಲ್ಲಿ ಹುಟ್ಟಿತು.

ಕನ್ನಂಬಾಡಿಯ ಕಟ್ಟೆಗೆ ಒಂದು ಕಾರಣ ಮಂಡ್ಯದ ಗದ್ದೆಗಳಾದರೆ, ಇನ್ನೊಂದು ಕಾರಣ ಕೋಲಾರದ ಚಿನ್ನದ ಗಣಿಗಳು. ಶಿವನಸಮುದ್ರದಿಂದ 1902ರಲ್ಲಿ ಗಣಿಗಳಿಗೆ ಹರಿಯತೊಡಗಿದ ವಿದ್ಯುತ್ತು ಬೇಸಗೆಯಲ್ಲಿ ಕ್ಷೀಣಿಸದಂತೆ ನೋಡಿಕೊಳ್ಳಬೇಕಾಗಿತ್ತು. ವಿದ್ಯುತ್ತಿನ ಬಲದಿಂದ ಗಣಿ ಆಳಕ್ಕಿಳಿಯಿತು. ಆಳದಲ್ಲಿ ಬಂಡೆ ಕೊರೆದವನ ಎದೆಯೊಳಗೆ ಕಲ್ಲಿನ ಹುಡಿ ಇಳಿಯಿತು. 1940ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಗಣಿಗಾರರನ್ನು ಪರೀಕ್ಷಿಸಿದಾಗ, ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ರೋಗ ಕಾಣಿಸಿತು. ಸುಕ್ಕೂರಿನಲ್ಲಿ ನೀರನ್ನು ತಿಳಿಯಾಗಿಸಿದ ಮರಳೂ, ಕೋಲಾರದ ಈ ಹುಡಿಯೂ ಬಹುಮಟ್ಟಿಗೆ ಒಂದೇ ವಸ್ತು; ಸ್ಫಟಿಕ ಶಿಲೆಯ ಸಿಲಿಕಾ. ನೀರಿಗೆ ಅದು ಮಿತ್ರ, ನುಣ್ಣನೆ ಪುಡಿಯಾಗಿ ಗಾಳಿಯಲ್ಲಿ ತೇಲಿದರೆ ಶತ್ರು. ಆ ಹುಡಿ ಎದೆಯನ್ನು ಗಡುಸುಗೊಳಿಸುವುದಲ್ಲದೆ ಅರ್ಬುದವನ್ನೂ, ಎಂದರೆ ಕ್ಯಾನ್ಸರನ್ನೂ ಹುಟ್ಟಿಸಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿಶ್ಚಿತವಾಗಿ ಹೇಳಿದ್ದು 1997ರಲ್ಲಿ.

1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಸರ್ಕಾರದ ಹುದ್ದೆಗಳಲ್ಲಿ ಹಿಂದುಳಿದ ವರ್ಗದವರಿಗೆ ಸ್ಥಾನ ಮೀಸಲಿಡುವ ವಿಚಾರದಲ್ಲಿ ಮಹಾರಾಜರ ನಿಲುವಿಗೂ ಅವರದಕ್ಕೂ ಹೊಂದಿಕೆಯಾಗಲಿಲ್ಲ. ಈ ವಿಷಯದಲ್ಲಿ ನ್ಯಾಯವು ಮಹಾರಾಜರ ಪಕ್ಷದಲ್ಲಿತ್ತೆಂದೇ ಈ ಲೇಖಕನ ಅಭಿಪ್ರಾಯ. ಅವರು ಹೋದರೂ ಅವರ ಯೋಜನೆ ಹೋಗಲಿಲ್ಲ. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಮಲೆನಾಡಿನ ಕಾಡಿನಲ್ಲಿ ಸೌದೆ, ಭದ್ರೆಯಲ್ಲಿ ನೀರು: ಮೂರೂ ಇದ್ದ ಮೇಲೆ ಕಲ್ಲಿದ್ದಲಿಲ್ಲವೆಂದು ಕೈಕಟ್ಟಿ ಕೂರುವುದೇಕೆ? ಸೌದೆಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸಬಹುದು. ಹೊರಬೀಳುವ ಹೊಗೆಯನ್ನು ಬಟ್ಟಿ ಇಳಿಸಿ ಮರದ ಮದ್ಯಸಾರ, ಡಾಂಬರು ಮುಂತಾದವನ್ನು ತೆಗೆದು ಮಾರಬಹುದು. ಅಮೆರಿಕದ ತಜ್ಞರು ನಕ್ಷೆ ಹಾಕಿಕೊಟ್ಟರು.

ಕಾರ್ಖಾನೆ ಸಿದ್ಧವಾಗುವಷ್ಟರಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಹಾಕಿದ ಹಣವೆಲ್ಲ ಕುಲುಮೆಗೆ ಆಹುತಿಯಾಯಿತೆಂದು ಟೀಕೆ ಎದ್ದಿತು. ಆ ಸಂಕಟದಲ್ಲಿ ಸಂಸ್ಥಾನವು ನಿವೃತ್ತ ದಿವಾನರನ್ನೇ ಮತ್ತೆ ಕರೆಯಿತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಅರವತ್ತು ದಾಟಿದ ವಯಸ್ಸು. ಬಿಗಿಯಾದ ಕೋಟು, ಜರಿಯ ರುಮಾಲು, ಕೈಯಲ್ಲಿ ಟಿಪ್ಪಣಿಯ ಪುಸ್ತಕ. ಎಷ್ಟು ಸೌದೆ ಬಂತು, ಎಷ್ಟು ಇದ್ದಿಲಾಯಿತು, ಒಂದು ಟನ್ ಕಬ್ಬಿಣಕ್ಕೆ ಎಷ್ಟು ಇದ್ದಿಲು ಹಿಡಿಯಿತು, ಎಲ್ಲಿ ಒಂದು ರೂಪಾಯಿ ಸೋರಿತು ಎಂಬುದೆಲ್ಲ ಲೆಕ್ಕಕ್ಕೆ ಬಂತು. ವಿದೇಶದ ಅಧಿಕಾರಿಗಳ ಸ್ಥಾನದಲ್ಲಿ ನಮ್ಮವರು ತಯಾರಾದರು. ಅಧ್ಯಕ್ಷಗಿರಿಯನ್ನು ಬಿಡುವ ಹೊತ್ತಿಗೆ ಕಾರ್ಖಾನೆ ತನ್ನ ಕಾಲ ಮೇಲೆ ನಿಂತಿತ್ತು. 1930ರ ದಶಕದಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಯಿತು.

ಇನ್ನು ಕುಲುಮೆಯ ಬಳಿಗೆ ಬರೋಣ. ಊದುಕುಲುಮೆಯ ಬಾಯಿಂದ ಕಾದ ಲೋಹ ಹೊರಬಿದ್ದು ಮರಳಿನ ಕಾಲುವೆಗಳಲ್ಲಿ ಹರಿಯುತ್ತದೆ. ಬದಿಯಲ್ಲಿ ನಿಂತವನಿಗೆ ಶಾಖ, ಹೊಗೆ, ಕಬ್ಬಿಣದ ಸಣ್ಣ ಹುಡಿ. ಸೌದೆ ಬಟ್ಟಿ ಇಳಿಸುವಲ್ಲಿ ಡಾಂಬರಿನ ಹಬೆ. ಎರಕದ ಮನೆಯಲ್ಲಿ ಅಚ್ಚಿನ ಮರಳನ್ನು ಕಲಸುವವನು, ಬಡಿಯುವವನು, ಎರಕ ಆರಿದ ಮೇಲೆ ಅಚ್ಚನ್ನು ಒಡೆದು ಕೊಡವುವವನು. ಕೊಡವುವಾಗಲೇ ಒಣ ಮರಳಿನ ಅತಿ ನುಣ್ಣನೆಯ ಧೂಳು ಮೇಲೇಳುವುದು. ಭದ್ರಾವತಿಯ ಎರಕದ ಮನೆಯಲ್ಲಿ ಊರುಗಳಿಗೆ ಕುಡಿಯುವ ನೀರು ಸಾಗಿಸುವ ಕಬ್ಬಿಣದ ಕೊಳವೆಗಳು ತಯಾರಾಗುತ್ತಿದ್ದುವು. ಜನರನ್ನು ಕಾಲರಾದಿಂದ ಪಾರು ಮಾಡುವ ಕೊಳವೆಯನ್ನು ಎರಕ ಹೊಯ್ಯುವವನ ಉಸಿರಿಗೆ ಯಾವ ಶೋಧಕವೂ ಇರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡರೆ ಹೊಗೆಯ ಘಾಟು ತುಸು ತಗ್ಗೀತು. ಎದೆಯ ಆಳಕ್ಕೆ ಇಳಿಯುವ ಕಣಗಳನ್ನು ಆ ಬಟ್ಟೆ ತಡೆಯಲಾರದು. ಅವು ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತಲೂ ಸಣ್ಣವು.

ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರು ಈ ಲೆಕ್ಕವನ್ನೇಕೆ ಇಡಲಿಲ್ಲ? ಇಂದಿನವರು ಸುಲಭವಾಗಿ ಕೇಳಬಹುದಾದ ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಅಂದಿನ ವೈದ್ಯಶಾಸ್ತ್ರಕ್ಕೆ ಎಷ್ಟು ತಿಳಿದಿತ್ತೆಂಬುದನ್ನು ನೋಡಬೇಕು. ಮಸಿಗೂ ಅರ್ಬುದಕ್ಕೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಗುರುತಿಸಿದ್ದನು. ಹೊಗೆಗೂಡುಗಳನ್ನು ಹತ್ತಿ ಗುಡಿಸುತ್ತಿದ್ದ ಬಡ ಹುಡುಗರಿಗೆ ಮುಂದೆ ವೃಷಣದ ಚರ್ಮದಲ್ಲಿ ಹುಣ್ಣಾಗಿ, ಅದು ಅರ್ಬುದವಾಗಿ ಬೆಳೆಯುತ್ತಿತ್ತು. ಆದರೆ ಅದು ಚರ್ಮದ ಮಾತಾಯಿತು. ಶ್ವಾಸಕೋಶದ ಅರ್ಬುದವೋ, ವಿಶ್ವೇಶ್ವರಯ್ಯನವರು ದಿವಾನರಾದ 1912ರಲ್ಲಿ ನ್ಯೂಯಾರ್ಕಿನ ವೈದ್ಯ ಐಸಾಕ್ ಆಡ್ಲರ್ ಲೋಕದ ವೈದ್ಯಗ್ರಂಥಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು 374 ಉದಾಹರಣೆಗಳು ಮಾತ್ರ. ಅಷ್ಟು ಅಪರೂಪದ ಬೇನೆಯೆಂದು ಆಗ ಎಣಿಕೆ. 1915ರಲ್ಲಿ ಜಪಾನಿನ ಯಾಮಗಿವ, ಇಚಿಕಾವ ಎಂಬಿಬ್ಬರು ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಅರ್ಬುದ ಬರಿಸಿ ತೋರಿಸಿದರು. 1930ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಡಾಂಬರಿನೊಳಗಿಂದ ಬೆಂಜೋಪೈರೀನ್ ಎಂಬ ವಿಷವಸ್ತುವನ್ನು ಬೇರ್ಪಡಿಸಿದರು. 1936ರಲ್ಲಿ ಜಪಾನಿನ ಯವಾಟ ಉಕ್ಕಿನ ಕಾರ್ಖಾನೆಯ ವೈದ್ಯರು, ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಒಲೆಗಳ ಬಳಿ ದುಡಿದವರಲ್ಲಿ ಶ್ವಾಸಕೋಶದ ಅರ್ಬುದ ವಿಪರೀತವಾಗಿದೆಯೆಂದು ವರದಿ ಮಾಡಿದರು. ವಿಶ್ವೇಶ್ವರಯ್ಯನವರು ಮಾದರಿಯೆಂದು ಮೆಚ್ಚಿದ ದೇಶದಿಂದಲೇ ಬಂದ ಎಚ್ಚರಿಕೆಯದು. ಆ ಹೊತ್ತಿಗೆ ಅವರು ಭದ್ರಾವತಿಯನ್ನು ಬಿಟ್ಟು ಏಳು ವರ್ಷವಾಗಿತ್ತು.

ಸಂಶಯಕ್ಕೆ ಎಡೆಯಿಲ್ಲದ ಲೆಕ್ಕ ಬಂದದ್ದು ಅವರು ತೀರಿಕೊಂಡ ಮೇಲೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 59 ಸಾವಿರದಷ್ಟು ಉಕ್ಕಿನ ಕೆಲಸಗಾರರ ಬಾಳು-ಸಾವುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದಿಟ್ಟ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಕಲ್ಲಿದ್ದಲನ್ನು ಕೋಕ್ ಮಾಡುವ ಒಲೆಗಳ ನೆತ್ತಿಯ ಮೇಲೆ ಐದು ವರ್ಷ ಅಥವಾ ಹೆಚ್ಚು ಕಾಲ ದುಡಿದವರು ಶ್ವಾಸಕೋಶದ ಅರ್ಬುದದಿಂದ ಸಾಯುವ ಸಂಭವ ಉಳಿದವರಿಗಿಂತ ಸುಮಾರು ಹತ್ತು ಪಟ್ಟು. ಒಲೆಯ ಬದಿಯಲ್ಲಿ ದುಡಿದವರಿಗೆ ಅದು ಕಡಿಮೆ. ಎಂದರೆ ಒಂದೇ ಕಾರ್ಖಾನೆಯೊಳಗೆ, ಒಂದೇ ಒಲೆಯ ಸುತ್ತ, ಮನುಷ್ಯ ನಿಂತ ಜಾಗವೇ ಅವನ ಆಯುಷ್ಯವನ್ನು ನಿರ್ಣಯಿಸುತ್ತಿತ್ತು. 1976ರಲ್ಲಿ ಅಮೆರಿಕದ ಸರ್ಕಾರ ಅಂಥ ಒಲೆಗಳ ಹೊಗೆಗೆ ಮಿತಿ ವಿಧಿಸಿತು. ಕೋಕ್ ತಯಾರಿಕೆ, ಕಬ್ಬಿಣ ಮತ್ತು ಉಕ್ಕಿನ ಎರಕ, ಬೆಸುಗೆಯ ಹೊಗೆ, ಇವೆಲ್ಲ ಇಂದು ಅರ್ಬುದಕಾರಕಗಳ ನಿಶ್ಚಿತ ಪಟ್ಟಿಯಲ್ಲಿವೆ. ಇದ್ದಿಲಿನಿಂದ ನಡೆದ ಭದ್ರಾವತಿಗೆ ಕೋಕ್ ಒಲೆಯ ಹತ್ತು ಪಟ್ಟಿನ ಲೆಕ್ಕವನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ಸೌದೆಯ ಹೊಗೆಯಲ್ಲಿಯೂ ಬೆಂಜೋಪೈರೀನ್ ಇದೆ, ಎರಕದ ಮರಳು ಎಲ್ಲೆಡೆಯೂ ಒಂದೇ. ಕೋಕ್ ಒಲೆಗಳು ಬೇಕಾದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆಯಲ್ಲಿವೆ.

ಆದ್ದರಿಂದ 1923ರಲ್ಲಿ ತಿಳಿಯದುದನ್ನು ತಿಳಿಯಲಿಲ್ಲವೆಂದು ಅವರನ್ನು ದೂರುವುದು ಅನ್ಯಾಯ. ಹಾಗೆಂದು ಅವರ ಹೆಸರನ್ನು ಮುಂದಿಟ್ಟುಕೊಂಡು ಇಂದು ತಿಳಿದಿರುವುದನ್ನು ಬದಿಗಿಡುವುದು ಇನ್ನೂ ದೊಡ್ಡ ಅನ್ಯಾಯ. ಅವರ ಪದ್ಧತಿ ಅಳೆಯುವುದಾಗಿತ್ತಲ್ಲವೆ? ಗಾಳಿಯಲ್ಲಿ ಧೂಳೆಷ್ಟೆಂದು ಅಳೆಯಬಹುದು. ಮರಳನ್ನು ತೇವವಾಗಿಟ್ಟರೆ ಧೂಳು ಏಳದು. ಹೊಗೆ ಹುಟ್ಟುವ ಜಾಗದಲ್ಲಿಯೇ ಹೀರುಕೊಳವೆ ಇಟ್ಟರೆ ಅದು ಮುಖಕ್ಕೆ ಬಾರದು. ಕೊಳೆಯನ್ನು ಅದು ಹುಟ್ಟಿದಲ್ಲಿಯೇ ತಡೆದು ಬೇರೆ ದಾರಿಯಲ್ಲಿ ಸಾಗಿಸುವ ಈ ಉಪಾಯ ಅವರು ಊರೂರಿಗೆ ಕಟ್ಟಿಸಿದ ಚರಂಡಿಯ ತತ್ತ್ವವೇ. ಗಾಳಿಗೂ ಒಂದು ಚರಂಡಿ ಬೇಕೆಂಬುದು ಅಷ್ಟೇನೂ ವಿಚಿತ್ರವಾದ ಮಾತಲ್ಲ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ವಾಚಕರಿಗೆ ಇದು ದೂರದ ಕಥೆಯಾಗಿ ತೋರಬಾರದು. ರಾಜಾಜಿನಗರದ ಕೈಗಾರಿಕಾ ವಸಾಹತು, ಅದಕ್ಕೆ ಹೊಂದಿಕೊಂಡ ಮಹಾಲಕ್ಷ್ಮಿ ಲೇಔಟ್, ಉತ್ತರಕ್ಕೆ ಪೀಣ್ಯ—ಈ ಬಡಾವಣೆಗಳು ವಿಶ್ವೇಶ್ವರಯ್ಯನವರು ಕಂಡ ಕನಸಿನ ಸಣ್ಣ ಸಣ್ಣ ತುಣುಕುಗಳು. ಮಹಾಲಕ್ಷ್ಮಿ ಲೇಔಟಿನ ಎಷ್ಟೋ ಮನೆಗಳು ಲೇತು, ಬೆಸುಗೆ, ಎರಕಗಳ ಸಂಪಾದನೆಯಿಂದ ಎದ್ದವು. ಎರಡಾಳಿನ ಶೆಡ್ಡಿನಲ್ಲಿ ಬಾಗಿಲು ಮುಚ್ಚಿಕೊಂಡು ಸ್ಟೈನ್‌ಲೆಸ್ ಉಕ್ಕಿಗೆ ಬೆಸುಗೆ ಹಾಕುವವನ ಮುಖದ ಮುಂದೆ ಏಳುವ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್‌ಗಳಿರುತ್ತವೆ. ಅವನು ಕಣ್ಣಿಗೆ ಗಾಜು ಹಿಡಿದಿರುತ್ತಾನೆ, ಮೂಗಿಗೆ ಏನೂ ಇಲ್ಲ. ಕಾರ್ಮಿಕರ ವಿಮೆಯ ಆಸ್ಪತ್ರೆ ರಾಜಾಜಿನಗರದಲ್ಲಿಯೇ ಇದೆ. ವೃತ್ತಿಯಿಂದ ಬರುವ ರೋಗಗಳ ಪಟ್ಟಿ ಕಾನೂನಿನಲ್ಲಿದೆ. ಕಲ್ನಾರಿನ ಧೂಳಿನಿಂದಾಗುವ ಶ್ವಾಸಕೋಶದ ಅರ್ಬುದವೂ ಅದರಲ್ಲಿ ಸೇರಿದೆ. ಆದರೆ ರೋಗಕ್ಕೂ ವೃತ್ತಿಗೂ ಸಂಬಂಧ ಕಲ್ಪಿಸಬೇಕಾದರೆ ಯಾರಾದರೂ ಕೇಳಬೇಕು. ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಂಡು ಬಂದ ಮುದುಕನನ್ನು ಬೀಡಿ ಸೇದುತ್ತೀರೋ ಎಂದು ಕೇಳುವವರು ಹಲವರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಯಾವ ಕೆಲಸ ಮಾಡುತ್ತಿದ್ದಿರಿ, ಕುಲುಮೆಯ ಯಾವ ಬದಿಯಲ್ಲಿ ನಿಲ್ಲುತ್ತಿದ್ದಿರಿ ಎಂದು ಕೇಳುವವರು ವಿರಳ. ಬೀಡಿಯ ಪಾಪವೇನೂ ಸಣ್ಣದಲ್ಲ. ಕಲ್ನಾರಿನಂಥ ಧೂಳಿನೊಡನೆ ಅದು ಸೇರಿದರೆ ಅಪಾಯ ಹಲವು ಪಟ್ಟು ಬೆಳೆಯುತ್ತದೆ. ಆದರೆ ಎಲ್ಲವನ್ನೂ ಬೀಡಿಯ ತಲೆಗೆ ಕಟ್ಟಿದ ಮೇಲೆ ಕುಲುಮೆಯ ಕಡೆಗೆ ಯಾರೂ ನೋಡುವುದಿಲ್ಲ. ಆ ಮುದುಕನ ಹೆಂಡತಿಗೆ ಸಲ್ಲಬೇಕಾದ ಪರಿಹಾರದ ಮಾತೂ ಅಲ್ಲಿಗೇ ಮುಗಿಯುತ್ತದೆ.

ವಿಶ್ವೇಶ್ವರಯ್ಯನವರ ಕಥೆಗೆ ಮರಳೋಣ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಲಕ್ಷ ರೂಪಾಯಿಗೂ ಮೀರಿದ ಆ ಮೊತ್ತವನ್ನು, ಬಡ ಹುಡುಗರಿಗೆ ಕೈಕಸುಬು ಕಲಿಸುವ ಶಾಲೆಯೊಂದಕ್ಕೆ ವಿನಿಯೋಗಿಸಬೇಕೆಂದು ಕೇಳಿಕೊಂಡರು. ಶಾಲೆಗೆ ತಮ್ಮ ಹೆಸರು ಬೇಡವೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು. ಅಲ್ಲಿಂದ ಹೊರಬಂದ ಹುಡುಗರು ನಾಡಿನ ಕಾರ್ಖಾನೆಗಳಿಗೆಲ್ಲ ಹಂಚಿಹೋದರು. ಕುಲುಮೆಯಿಂದ ದುಡಿದ ಹಣ ಕುಲುಮೆಗೆ ಕೈಗಳನ್ನು ತಯಾರಿಸಿತು. ಈ ದಾನವನ್ನು ಅವರ ಬಾಳಿನ ಅತ್ಯಂತ ಸುಂದರವಾದ ಕಾರ್ಯವೆಂದು ನಾನು ಎಣಿಸುತ್ತೇನೆ; ಕನ್ನಂಬಾಡಿಗಿಂತಲೂ.

1955ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. ನೂರು ತುಂಬಿದಾಗ ದೇಶವೇ ಉತ್ಸವ ಮಾಡಿತು. ಮಿತವಾದ ಊಟ, ನಿತ್ಯದ ನಡಿಗೆ, ಶುದ್ಧವಾದ ಗಾಳಿಗಳಿಂದ ಅವರ ದೇಹ ಕೊನೆಯವರೆಗೂ ನೆಟ್ಟಗೆ ನಿಂತಿತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಭದ್ರಾವತಿಯ ಕಾರ್ಖಾನೆಗೆ 1970ರ ದಶಕದಲ್ಲಿ ಅವರ ಹೆಸರನ್ನಿಟ್ಟರು. 1989ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತಕ್ಕೆ ಸೇರಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷವಾದಾಗ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು, ಕೆಲಸಗಾರರು ಬೀದಿಗಿಳಿದರು, ಅದೇ ವರ್ಷ ಕೆಲವು ವಿಭಾಗಗಳಲ್ಲಿ ಯಂತ್ರಗಳು ಮತ್ತೆ ತಿರುಗಿದವು. ಕಾರ್ಖಾನೆಯ ಭವಿಷ್ಯದ ಬಗೆಗೆ ಬಹಳ ಚರ್ಚೆ ನಡೆಯಿತು, ನಡೆಯಬೇಕಾದುದೇ. ಆದರೆ ಧೂಳು, ಹೊಗೆಗಳಿಂದ ಹುಟ್ಟುವ ಅರ್ಬುದ ಹೊರಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇಪ್ಪತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. 1990ರ ಸುಮಾರಿಗೆ ಇಪ್ಪತ್ತರ ಹುಡುಗರಾಗಿ ಎರಕದ ಮನೆಗೆ ಸೇರಿದವರು ಈಗ ಐವತ್ತು ದಾಟಿದ್ದಾರೆ. ಅವರಲ್ಲಿ ಕೆಲವರು ಭದ್ರಾವತಿಯಲ್ಲಿದ್ದಾರೆ, ಕೆಲವರು ಮಕ್ಕಳ ಜೊತೆ ಬೆಂಗಳೂರಿಗೆ ಬಂದಿದ್ದಾರೆ. ಅವರು ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದರೆಂಬುದು ಸಂಬಳದ ಪುಸ್ತಕಗಳಲ್ಲಿ ಬರೆದಿದೆ.